ಸತ್ತರೂ ಕುಟುಕುವ ಜೀವಿ

ಮಳೆಗಾಲದಲ್ಲಿ ಮುಂಬಯಿಯ ಜುಹು ಕಡಲತೀರಕ್ಕೆ ನೀಲಿ ಬಲೂನಿನಂತಹ ಜೀವಿಗಳು ಅಲೆಗಳೊಡನೆ ಬಂದು ಬೀಳುವುದುಂಟು. ಜೆಲ್ಲಿ ಮೀನಿನ ಬಂಧುವಾದ ಇದಕ್ಕೆ ‘ನೀಲಿ ಬಾಟಲಿ’ ಎಂದು ಹೆಸರು. ಸತ್ತು ಮರಳಿನ ಮೇಲೆ ಬಿದ್ದಿದ್ದರೂ ಮುಟ್ಟಿದವರ ಕೈ ಉರಿಯತೊಡಗುತ್ತದೆ. ಸತ್ತ ಜೀವಿ ಕುಟುಕುವುದಾದರೂ ಹೇಗೆ?

ಅದರ ಉದ್ದನೆಯ ಎಳೆಗಳಲ್ಲಿ ಅಸಂಖ್ಯ ಕುಟುಕುಕಣಗಳಿವೆ. ಪ್ರತಿ ಕಣದೊಳಗೂ ಒಂದು ಸೂಕ್ಷ್ಮ ಚೀಲ. ಅದರೊಳಗೆ ಸುರುಳಿ ಸುತ್ತಿದ ವಿಷನಳಿಕೆ. ಇದೇ ವರ್ಗದ ಹೈಡ್ರಾದಲ್ಲಿ ಈ ಚೀಲದೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 150 ಪಟ್ಟು ಇರುತ್ತದೆ. ಏನಾದರೂ ತಾಗಿದೊಡನೆ ಮುಚ್ಚಳ ತೆರೆದು, ಅಂಗಿಯ ತೋಳನ್ನು ಒಳಹೊರಗು ಮಾಡಿದಂತೆ ನಳಿಕೆ ಹೊರಚಿಮ್ಮಿ ಚರ್ಮವನ್ನು ಭೇದಿಸುತ್ತದೆ. ಇದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಈ ಜೀವಿಗಳಿಗೆ ಮಿದುಳೇ ಇಲ್ಲ. ಪ್ರತಿಯೊಂದು ಕಣವೂ ತಾನಾಗಿ ಸಿಡಿಯಬಲ್ಲದು. ಆದ್ದರಿಂದಲೇ ತುಂಡಾದ ಎಳೆಯೂ ಅಪಾಯಕಾರಿ.

ಕುಟುಕಿದ ಜಾಗವನ್ನು ಉಜ್ಜಬಾರದು, ಸಿಹಿನೀರಿನಿಂದ ತೊಳೆಯಲೂಬಾರದು; ಹಾಗೆ ಮಾಡಿದರೆ ಚರ್ಮಕ್ಕೆ ಅಂಟಿ ಉಳಿದ ಕಣಗಳೂ ಸಿಡಿಯಬಹುದು. ಕಡಲನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಬೇಕು. ಆ ಬಳಿಕ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿದರೆ ನೋವು ತಗ್ಗುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ತೀರದಲ್ಲಿ ಆಡುವ ಮಕ್ಕಳು ನೆನಪಿಡಬೇಕಾದದ್ದು ಇಷ್ಟೇ: ಅದು ಅಲುಗಾಡದಿದ್ದರೂ ಮುಟ್ಟಬಾರದು.