ಹೆಡ್ ಫೇಸಿಂಗ್ ಮಾಡ್ಸೋ ಮೊದಲು: ಆರ್‌ಎಕ್ಸ್ 100, ತೋಟದ ರಸ್ತೆ ಮತ್ತು ಚಾರ್ಮಾಡಿ ಘಾಟಿ

ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆ ತೋಟದ ಮನೆಗಳಲ್ಲಿ ಇವತ್ತಿಗೂ ಒಂದು ಯಮಹಾ ಆರ್‌ಎಕ್ಸ್ 100 ಸಿಗುತ್ತೆ. ಅಪ್ಪಂದೋ, ಚಿಕ್ಕಪ್ಪಂದೋ. 1985ರಲ್ಲಿ ಬಂದ ಈ ಗಾಡಿ 1996ರಲ್ಲಿ ನಿಂತುಹೋಯ್ತು. ಅದೇ ವರ್ಷ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯೂ ಮುಚ್ಚಿ, ಯೆಜ್ಡಿಯೂ ನಿಂತಿತು. ಅಂದ್ರೆ ಈ ಎಂಜಿನ್ ಹಾಳಾದ್ರೆ ಶೋರೂಮ್‌ಗೆ ಹೋಗಿ ಇನ್ನೊಂದು ತರೋ ಹಾಗಿಲ್ಲ. ಆದ್ರೂ ನಮ್ಮ ಹಾಸ್ಟೆಲ್‌ನಲ್ಲಿ ವಾರಕ್ಕೊಮ್ಮೆ ಈ ಮಾತು ಬಂದೇ ಬರುತ್ತೆ: "ಹೆಡ್ ಫೇಸಿಂಗ್ ಮಾಡ್ಸು ಮಗಾ, ಗುಡ್ಡ ಹೆಂಗೆ ಹತ್ತುತ್ತೆ ನೋಡು." ಇದರಲ್ಲಿ ನಿಜ ಎಷ್ಟು, ಅಪಾಯ ಎಷ್ಟು ಅಂತ ನೋಡೋಣ.

ಹೆಡ್ ಒಳಗೆ ಏನಿದೆ?

ಫೋರ್-ಸ್ಟ್ರೋಕ್ ಹೆಡ್‌ನಲ್ಲಿ ವಾಲ್ವ್, ಕ್ಯಾಮ್, ಸ್ಪ್ರಿಂಗ್ ಎಲ್ಲ ಇರುತ್ತೆ. ಟೂ-ಸ್ಟ್ರೋಕ್‌ನಲ್ಲಿ ಆ ಕೆಲಸವನ್ನ ಸಿಲಿಂಡರ್ ಗೋಡೆಯ ಪೋರ್ಟ್‌ಗಳೇ ಮಾಡ್ತವೆ. ಹಾಗಾಗಿ ಹೆಡ್ ಅಂದ್ರೆ ಫಿನ್ ಇರೋ ಒಂದು ಅಲ್ಯೂಮಿನಿಯಂ ಮುಚ್ಚಳ, ನಡುವೆ ಸ್ಪಾರ್ಕ್ ಪ್ಲಗ್, ಒಳಗಡೆ ಬಟ್ಟಲಿನಂಥ ಗುಳಿ. ಗುಳಿಯ ಸುತ್ತ ಒಂದು ಚಪ್ಪಟೆ ಅಂಚು ಇದೆ, ಅದೇ ಸ್ಕ್ವಿಶ್ ಬ್ಯಾಂಡ್. ಪಿಸ್ಟನ್ ಮೇಲೆ ಬಂದಾಗ ಈ ಅಂಚಿನ ಕೆಳಗಿರೋ ಮಿಶ್ರಣ ಹಿಂಡಿ ನಡುವಿನ ಗುಳಿಗೆ ನುಗ್ಗುತ್ತೆ. ಅದರಿಂದ ಉರಿ ಬೇಗ ಹರಡುತ್ತೆ.

ಅರ್ಧ ಮಿಲಿಮೀಟರ್ ಲೆಕ್ಕ

ಆರ್‌ಎಕ್ಸ್ 100ರ ಬೋರ್ 50 ಮಿಮೀ, ಸ್ಟ್ರೋಕ್ 50 ಮಿಮೀ. ಸ್ವೆಪ್ಟ್ ವಾಲ್ಯೂಮ್ ಸುಮಾರು 98 ಸಿಸಿ. ಪಿಸ್ಟನ್ ಪೂರ್ತಿ ಮೇಲಿದ್ದಾಗ ಉಳಿಯೋ ಜಾಗ 12 ಸಿಸಿ ಅಂತ ಇಟ್ಕೊಳ್ಳಿ. ಆಗ ಕಂಪ್ರೆಷನ್ ರೇಶಿಯೋ (98+12)/12, ಅಂದ್ರೆ 9.2. ಈಗ ಲೇತ್‌ನಲ್ಲಿ ಹೆಡ್ಡನ್ನ ಬರೀ 0.5 ಮಿಮೀ ಫೇಸಿಂಗ್ ಮಾಡಿದ್ವಿ. ಬೋರ್‌ನ ವಿಸ್ತೀರ್ಣ 1963 ಚದರ ಮಿಮೀ, ಅದಕ್ಕೆ ಕಡಿಮೆಯಾಗೋದು ಸುಮಾರು 1 ಸಿಸಿ. ಉಳಿದದ್ದು 11 ಸಿಸಿ, ರೇಶಿಯೋ 9.9. ಅರ್ಧ ಮಿಲಿಮೀಟರ್‌ಗೆ ಇಷ್ಟು ವ್ಯತ್ಯಾಸ! "ಇನ್ನೂ ಸ್ವಲ್ಪ ತೆಗಿ ಅಣ್ಣ" ಅನ್ನೋ ಮೊದಲು ಈ ಲೆಕ್ಕ ನೆನಪಿರಲಿ.

ಸಿಗೋದು ಏನು? ಕೆಳಗಿನ ಮತ್ತು ಮಧ್ಯದ ಆರ್‌ಪಿಎಂನಲ್ಲಿ ಟಾರ್ಕ್. ಕೆಸರು, ಕಲ್ಲು, ಏರು ಇರೋ ತೋಟದ ರಸ್ತೆಗೆ ಬೇಕಾಗಿರೋದೂ ಅದೇ. ಟಾಪ್ ಸ್ಪೀಡ್ ಮಾತ್ರ ಜಾಸ್ತಿ ಆಗಲ್ಲ. ಕಂಪ್ರೆಷನ್ ಏರಿದ್ರೆ ಹೊರಗೆ ಹೋಗೋ ಹೊಗೆಯ ಬಿಸಿ ಇಳಿಯುತ್ತೆ, ಸೈಲೆನ್ಸರ್ ಒಳಗಿನ ಒತ್ತಡದ ಅಲೆ ನಿಧಾನ ಆಗುತ್ತೆ, ಮೇಲಿನ ಆರ್‌ಪಿಎಂನಲ್ಲಿ ಪವರ್ ಸ್ವಲ್ಪ ಕಡಿಮೆಯೇ ಆಗಬಹುದು.

ಬೆಟ್ಟದ ಮೇಲೆ ಒಂದು, ಘಾಟಿಯ ಕೆಳಗೆ ಇನ್ನೊಂದು

ನಮ್ಮ ಕಡೆಯ ನಿಜವಾದ ಸಮಸ್ಯೆ ಇಲ್ಲಿದೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು 11% ಕಡಿಮೆ. ಮುಳ್ಳಯ್ಯನಗಿರಿ ತುದಿ 1900 ಮೀಟರ್ ದಾಟುತ್ತೆ, ಅಲ್ಲಿ ಸುಮಾರು 20% ಕಡಿಮೆ. ಸಿಲಿಂಡರ್‌ಗೆ ಹೋಗೋ ಗಾಳಿಯೇ ಕಡಿಮೆ, ಹಾಗಾಗಿ ಕಂಪ್ರೆಷನ್ ಏರಿಸಿದ ಹೆಡ್ ಮೂಡಿಗೆರೆಯಲ್ಲಿ ಸುಮ್ಮನೆ ಓಡುತ್ತೆ. ಅದೇ ಗಾಡೀಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆ ಸೇರಿದ್ರೆ ಎರಡು ಕೆಲಸ ಒಟ್ಟಿಗೆ ಆಗ್ತವೆ. ಗಾಳಿ ದಟ್ಟ ಆಗಿ ಒತ್ತಡ ಏರುತ್ತೆ. ಬೆಟ್ಟಕ್ಕೆ ಅಂತ ಚಿಕ್ಕ ಜೆಟ್ ಹಾಕಿದ್ರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲೋದಿಲ್ಲ. ಆಗ ಶುರುವಾಗೋದೇ ನಾಕಿಂಗ್: ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಸದ್ದು. ಪ್ಲಗ್ ಬಿಚ್ಚಿದ್ರೆ ಬಿಳಿ ಪಿಂಗಾಣಿ ಮೇಲೆ ಸಣ್ಣ ಬೆಳ್ಳಿ ಚುಕ್ಕೆ ಕಂಡರೆ, ಅದು ಪಿಸ್ಟನ್‌ನಿಂದ ಎದ್ದ ಅಲ್ಯೂಮಿನಿಯಂ. ಹಾಗೇ ಓಡಿಸಿದ್ರೆ ಪಿಸ್ಟನ್ ತೂತು.

ಇಳಿಜಾರಲ್ಲಿ ಇನ್ನೊಂದು ಕಾಟ ಇದೆ. ಆರ್‌ಎಕ್ಸ್‌ನ ಆಯಿಲ್ ಪಂಪ್ ಆಕ್ಸಿಲರೇಟರ್ ಕೇಬಲ್‌ಗೂ ಸೇರಿಕೊಂಡಿದೆ. ಆಕ್ಸಿಲರೇಟರ್ ಬಿಟ್ಟು, ಗೇರಲ್ಲೇ ಉದ್ದಕ್ಕೆ ಇಳಿದ್ರೆ ಎಂಜಿನ್ ಜೋರಾಗಿ ತಿರುಗುತ್ತೆ, ಆಯಿಲ್ ಮಾತ್ರ ಹನಿಹನಿ. ಮೊದಲೇ ಬಿಸಿ ಇರೋ ಎಂಜಿನ್ ಸೀಜ್ ಆದ್ರೆ ಹಿಂದಿನ ಚಕ್ರ ಲಾಕ್. ಚಾರ್ಮಾಡಿಯ ತಿರುವಲ್ಲಿ, ಮಳೇಲಿ, ಎದುರಿಗೆ ಬಸ್ಸು ಬರ್ತಿರೋವಾಗ ಇದು ಆದ್ರೆ ಏನಾಗುತ್ತೆ ಅಂತ ನಾವು ಬರೀಬೇಕಾಗಿಲ್ಲ. ಇಳಿಯುವಾಗ ಆಗಾಗ ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿ ಆಯಿಲ್ ಕೊಡಿ. ಎಂಜಿನ್ ಹಿಡಿದ ಹಾಗೆ ಅನ್ನಿಸಿದ ತಕ್ಷಣ ಕ್ಲಚ್ ಒತ್ತಿ.

ಮಾಡೋದಾದ್ರೆ ಹೀಗೆ

1. ಮೊದಲು ಅಳೀರಿ. ಪಿಸ್ಟನ್ ಮೇಲಿಟ್ಟು, ಸಿರಿಂಜ್‌ನಲ್ಲಿ ಪ್ಲಗ್ ತೂತಿನಿಂದ ಆಯಿಲ್ ತುಂಬಿಸಿ. ಎಷ್ಟು ಎಂಎಲ್ ಹಿಡೀತು ಅನ್ನೋದೇ ನಿಮ್ಮ ಗಾಡಿಯ ನಿಜವಾದ ಲೆಕ್ಕ.

2. ಆಯಿಲ್ ಪೂರ್ತಿ ತೆಗೆದ ಮೇಲೆ ಸ್ಕ್ವಿಶ್ ಗ್ಯಾಪ್ ನೋಡಿ. ಸೋಲ್ಡರ್ ವೈರನ್ನ ಪ್ಲಗ್ ತೂತಿನಿಂದ ಸಿಲಿಂಡರ್ ಗೋಡೆಗೆ ತಾಗೋವರೆಗೆ ತೂರಿಸಿ, ಗಜನ್ ಪಿನ್ ಇರೋ ದಿಕ್ಕಿಗೇ ಇಟ್ಟು, ಕಿಕ್ಕರ್ ನಿಧಾನ ಒತ್ತಿ. ಜಜ್ಜಿದ ತುದಿಯನ್ನ ವರ್ನಿಯರ್‌ನಲ್ಲಿ ಅಳೀರಿ. ಇಷ್ಟು ಚಿಕ್ಕ ಎಂಜಿನ್‌ಗೆ 1 ಮಿಮೀ ಆಸುಪಾಸು ಸರಿ. ತೀರಾ ಕಡಿಮೆ ಆದ್ರೆ ಪಿಸ್ಟನ್ ಹೆಡ್‌ಗೆ ಬಡಿಯುತ್ತೆ.

3. ಒಂದೇ ಸಲ 0.5 ತೆಗೆಸಬೇಡಿ. 0.2, 0.3 ತೆಗೆಸಿ ಓಡಿಸಿ ನೋಡಿ. ತೆಗೆದಿದ್ದನ್ನ ವಾಪಸ್ ಅಂಟಿಸೋಕಾಗಲ್ಲ, ದಪ್ಪ ಗ್ಯಾಸ್ಕೆಟ್ ಹಾಕಬಹುದು ಅಷ್ಟೇ. ಒರಿಜಿನಲ್ ಹೆಡ್ ಎತ್ತಿಟ್ಟು, ಇನ್ನೊಂದು ಹಳೇ ಹೆಡ್ ಮೇಲೆ ಪ್ರಯೋಗ ಮಾಡೋದು ಜಾಣತನ.

4. ಹೊಸ ಗ್ಯಾಸ್ಕೆಟ್ ಹಾಕಿ. ನಟ್‌ಗಳನ್ನ ಎದುರುಬದುರು, ಸ್ವಲ್ಪ ಸ್ವಲ್ಪವೇ, ಟಾರ್ಕ್ ವ್ರೆಂಚ್‌ನಲ್ಲಿ ಬಿಗಿ ಮಾಡಿ.

5. ಘಾಟಿ ಇಳಿಯೋರು ದೊಡ್ಡ ಜೆಟ್ ಇಟ್ಟುಕೊಳ್ಳಿ. ಸ್ವಲ್ಪ ಹೊಗೆ ಬಂದ್ರೂ ಪರವಾಗಿಲ್ಲ.

ಕಾನೂನೂ ಒಂದಿದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಥರ ಗಾಡಿ ಬದಲಾಯಿಸೋ ಹಾಗಿಲ್ಲ. ಆದ್ದರಿಂದ ಈ ಕೆಲಸ ಸ್ವಂತ ತೋಟದೊಳಗೆ ಅಥವಾ ಡರ್ಟ್ ಟ್ರ್ಯಾಕ್‌ನಲ್ಲಿ ಓಡೋ ಗಾಡಿಗೆ ಮಾತ್ರ. ದಿನಾ ರೋಡಿಗೆ ಇಳಿಯೋ ಗಾಡಿಗೆ ನಾವು ಹೇಳೋದು ಇಷ್ಟೇ: ಹೆಡ್ ಬಿಚ್ಚಿ, ಕಾರ್ಬನ್ ಕೆರೆದು, ಹೊಸ ಗ್ಯಾಸ್ಕೆಟ್ ಹಾಕಿ, ಕಾರ್ಬ್ಯುರೇಟರ್ ಟ್ಯೂನ್ ಮಾಡಿ, ಹಿಂದಿನ ಸ್ಪ್ರಾಕೆಟ್ ಒಂದೆರಡು ಹಲ್ಲು ದೊಡ್ಡದು ಹಾಕಿ. ಹೆಡ್ ಒಂದು ಚೂರೂ ಕತ್ತರಿಸದೆ ಗಾಡಿ ಗುಡ್ಡ ಹತ್ತುತ್ತೆ, ಅಪ್ಪನ ಬೈಗುಳವೂ ತಪ್ಪುತ್ತೆ.