ಗನ್ನಲ್ಲಿಲ್ಲ ಮಜಾ, ಗುಂಪಿನಲ್ಲಿದೆ

ರಾತ್ರಿ ಹನ್ನೊಂದು ದಾಟಿದ ಮೇಲೆ ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ಒಮ್ಮೆ ನಡೆದು ನೋಡಿ. ಒಂದು ರೂಮಿನಿಂದ ‘ಬಲಗಡೆ, ಬಲಗಡೆ, ಮರದ ಹಿಂದೆ ಇದ್ದಾನೆ!’ ಇನ್ನೊಂದರಿಂದ ‘ಸ್ಮೋಕ್ ಹಾಕೋ, ಮೊದ್ಲು ನನ್ನ ಎಬ್ಬಿಸೋ!’ ನಾಳೆ ಇಂಟರ್ನಲ್ಸ್ ಇದ್ದರೂ ಈ ಗಲಾಟೆಗೆ ರಜೆ ಇಲ್ಲ. ಸ್ವಲ್ಪ ಕಿವಿಗೊಟ್ಟು ಕೇಳಿದರೆ ಒಂದು ವಿಷಯ ಗೊತ್ತಾಗುತ್ತೆ. ‘ನಾನು ಹೊಡೆದೆ’ ಅನ್ನೋ ಕೂಗಿಗಿಂತ ‘ಎಲ್ಲಿದ್ದೀಯ?’, ‘ತಡಿ, ಬಂದೆ’ ಅನ್ನೋ ಕೂಗುಗಳೇ ಜಾಸ್ತಿ.

ಗುಂಡು ಹಾರಿಸುವ ಆಟ ಅಂತ ಹೆಸರು. ಆದರೆ ಮಜಾ ಗುಂಡಿನದ್ದಾ? ಹಾಗಿದ್ದರೆ ಒಬ್ಬರೇ ಆಡುವ ಸೋಲೋ ಮ್ಯಾಚೇ ಸಾಕಿತ್ತು. ಬಿಜಿಎಂಐನಲ್ಲಿ ನಾಲ್ವರು, ಕೌಂಟರ್ ಸ್ಟ್ರೈಕ್ ಮತ್ತು ವ್ಯಾಲೊರಂಟ್‌ನಲ್ಲಿ ಐವರು, ಎಕ್ಸ್‌ಕಾಮ್‌ನಂಥ ಸರದಿ ಆಟದಲ್ಲಿ ಒಬ್ಬರೇ ಕೂತು ನಡೆಸುವ ನಾಲ್ಕರಿಂದ ಆರು ಸೈನಿಕರು. ಈ ಸಣ್ಣ ಗುಂಪು ಯಾಕಿಷ್ಟು ಹಿಡಿದು ಕೂರಿಸುತ್ತೆ? ಉತ್ತರ ಹುಡುಕೋಕೆ ನಾನು ನಮ್ಮೂರಿಗೇ ಹೋಗಬೇಕು.

ನಮ್ಮೂರು ಅಂಕೋಲಾ ತಾಲೂಕಿನ ಶೆಟಗೇರಿ. ಅಲ್ಲಿ ನಾನು ಕಲಿತ ಮೊದಲ ಸ್ಕ್ವಾಡ್ ಆಟಕ್ಕೆ ಡೇಟಾ ಪ್ಯಾಕ್ ಬೇಕಿರಲಿಲ್ಲ. ಅಜ್ಜ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕಲಿಸಿದ ಹುಲಿ-ಕುರಿ.

ಕುರಿಯ ಬೆನ್ನಿಗೆ ಕುರಿ

ಹುಲಿ-ಕುರಿಯಲ್ಲಿ ಹುಲಿಗಳು ಕೆಲವೇ, ಕುರಿಗಳು ಹಲವು. ಎಷ್ಟೆಷ್ಟು ಅನ್ನೋದಕ್ಕೆ ಊರಿಗೊಂದು ಲೆಕ್ಕ ಇದೆ. ಪಕ್ಕದ ಕುರಿಯ ಆಚೆಗಿನ ಮನೆ ಖಾಲಿ ಇದ್ದರೆ ಹುಲಿ ಅದರ ಮೇಲೆ ಹಾರಿ ತಿನ್ನುತ್ತದೆ. ಕುರಿ ಏನನ್ನೂ ತಿನ್ನೋದಿಲ್ಲ. ಅದಕ್ಕಿರುವ ಒಂದೇ ಅಸ್ತ್ರ ಅಂದರೆ ಹಿಂದೆ ಇನ್ನೊಂದು ಕುರಿ ನಿಂತಿರೋದು. ಬೆನ್ನಿಗೆ ಬೆಂಬಲ ಇದ್ದ ಕುರಿಯ ಮೇಲೆ ಹುಲಿ ಹಾರುವಂತಿಲ್ಲ. ಹೀಗೆ ಒಂದೊಂದೇ ಮನೆ ಮುಚ್ಚುತ್ತಾ ಹೋಗಿ ಹುಲಿಗಳಿಗೆ ಜಾಗವೇ ಇಲ್ಲದಂತೆ ಮಾಡಿದರೆ ಕುರಿ ಗೆದ್ದ ಹಾಗೆ.

ಸ್ಕ್ವಾಡ್ ಆಟಗಳ ಮೊದಲ ಗುಟ್ಟು ಇದೇ. ನಿಮ್ಮ ಬಲ ನಿಮ್ಮ ಕೈಯಲ್ಲಿರುವ ವಸ್ತುವಿನಲ್ಲಿಲ್ಲ, ನೀವು ಎಲ್ಲಿ ನಿಂತಿದ್ದೀರಿ, ನಿಮ್ಮ ಹಿಂದೆ ಯಾರಿದ್ದಾರೆ ಅನ್ನೋದರಲ್ಲಿದೆ. ಒಂದು ಹೆಜ್ಜೆ ಸರಿದು ನಿಂತರೆ ಬಡಪಾಯಿ ಕುರಿಯೂ ಗೋಡೆಯಾಗುತ್ತೆ. ಆ ಕ್ಷಣ ತಲೆಯಲ್ಲಿ ‘ಟಕ್’ ಅಂತ ಒಂದು ಸ್ವಿಚ್ ಬೀಳುತ್ತಲ್ಲ, ಮಜಾ ಅಲ್ಲಿಂದ ಶುರು.

ಸ್ವಲ್ಪ ಲೆಕ್ಕ ಮಾಡೋಣ

ನಾವು ಎಂಜಿನಿಯರಿಂಗ್ ಓದುವವರು, ಲೆಕ್ಕ ಇಲ್ಲದೆ ಯಾವುದನ್ನೂ ನಂಬಬಾರದು. ಕಾರು ತಯಾರಿಸುತ್ತಿದ್ದ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಬ್ರಿಟಿಷ್ ಎಂಜಿನಿಯರ್ ಮೊದಲ ಮಹಾಯುದ್ಧದ ಕಾಲದಲ್ಲಿ ಒಂದು ಸೂತ್ರ ಕೊಟ್ಟ. ಎಲ್ಲರೂ ಎಲ್ಲರ ಮೇಲೂ ಗುರಿಯಿಡಬಹುದಾದ ಕಾಳಗದಲ್ಲಿ ಒಂದು ಪಡೆ ಕರಗುವ ವೇಗ ಎದುರಾಳಿಗಳ ಸಂಖ್ಯೆಯನ್ನು ಅವಲಂಬಿಸಿರುತ್ತೆ. ಎರಡೂ ಕಡೆಯ ಡಿಫರೆನ್ಷಿಯಲ್ ಈಕ್ವೇಷನ್ ಬರೆದು ಬಿಡಿಸಿದರೆ, ಪಡೆಯ ಬಲ ಸಂಖ್ಯೆಗೆ ಅಲ್ಲ, ಸಂಖ್ಯೆಯ ವರ್ಗಕ್ಕೆ ಸಮ ಅಂತ ಸಿಗುತ್ತದೆ.

ನಾಲ್ವರ ಎದುರು ನಾಲ್ವರು ಬಂದರೆ 16ಕ್ಕೆ 16, ಸಮಬಲ. ಆದರೆ ಎದುರಾಳಿಗಳು ಇಬ್ಬಿಬ್ಬರಾಗಿ ಬೇರೆ ಬೇರೆ ಮನೆಯಲ್ಲಿ ಲೂಟ್ ಮಾಡ್ತಾ ಇದ್ದಾರೆ ಅಂದುಕೊಳ್ಳಿ. ನಿಮ್ಮ ನಾಲ್ವರೂ ಒಟ್ಟಿಗೆ ಮೊದಲ ಜೋಡಿಯ ಮೇಲೆ ಬಿದ್ದರೆ 16ರಲ್ಲಿ 4 ಹೋಗಿ 12 ಉಳಿಯಿತು. ನಂತರ ಎರಡನೇ ಜೋಡಿ, 12ರಲ್ಲಿ 4 ಹೋಗಿ 8. ಎಂಟರ ವರ್ಗಮೂಲ ಸುಮಾರು 2.8. ಅಂದರೆ ಸಮಾನ ಕೌಶಲದ ನಾಲ್ವರನ್ನು ಪೂರ್ತಿ ಮುಗಿಸಿದ ಮೇಲೂ ನಿಮ್ಮಲ್ಲಿ ಹೆಚ್ಚುಕಡಿಮೆ ಮೂವರು ನಿಂತಿರುತ್ತೀರಿ!

ನಾಲ್ಕೇ ಜನರ ಜಗಳಕ್ಕೆ ಈ ಸೂತ್ರ ಅಂದಾಜು ಮಾತ್ರ, ನಿಜ. ಆದರೂ ‘ಬೇರೆ ಬೇರೆ ಹೋಗ್ಬೇಡ್ರೋ’ ಅಂತ ಸೀನಿಯರ್ ಬೈಯೋದರ ಹಿಂದೆ ಇರೋದು ಇದೇ ಗಣಿತ. ಚೆನ್ನಾಗಿ ಗುರಿಯಿಡೋಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಒಟ್ಟಿಗೆ ನಡೆಯೋಕೆ ಒಂದು ಒಪ್ಪಂದ ಸಾಕು. ಸಾಮಾನ್ಯ ಆಟಗಾರನೂ ಒಳ್ಳೆ ಆಟಗಾರರನ್ನು ಸೋಲಿಸಬಹುದು ಅನ್ನುವ ಈ ಬಾಗಿಲು ತೆರೆದಿರೋದರಿಂದಲೇ ನಮ್ಮಂಥವರು ಮತ್ತೆ ಮತ್ತೆ ಲಾಬಿಗೆ ಬರ್ತೇವೆ.

ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ

ಎರಂಗಲ್ ನಕ್ಷೆ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ. ಅದರಲ್ಲಿ 100 ಜನ. ನಿಮಗೆ ಕಾಣೋದು ನಿಮ್ಮ ಕಣ್ಣ ಮುಂದಿನ ತುಣುಕು ಮಾತ್ರ. ಗೆಳೆಯನಿಗೆ ಕಾಣೋದು ಇನ್ನೊಂದು ತುಣುಕು. ಇವನ್ನೆಲ್ಲ ಸೇರಿಸಿ ಒಂದು ಚಿತ್ರ ಮಾಡೋದು ಮಾತು. ‘ಅಲ್ಲಿದ್ದಾನೆ’ ಅಂದರೆ ಯಾರಿಗೂ ಪ್ರಯೋಜನವಿಲ್ಲ. ‘ಹಳದಿ ಮನೆ, ಮಾಳಿಗೆ, ಒಬ್ಬ’ ಅಂದರೆ ನಾಲ್ಕು ಪದದಲ್ಲಿ ಜಾಗ, ಎತ್ತರ, ಸಂಖ್ಯೆ ಮೂರೂ ಬಂತು. ಕೌಂಟರ್ ಸ್ಟ್ರೈಕ್ ಆಡುವವರು ನಕ್ಷೆಯ ಮೂಲೆಮೂಲೆಗೂ ಹೆಸರಿಟ್ಟಿರೋದು ಇದಕ್ಕೇ. ಶೆಟಗೇರಿಯ ನಮ್ಮ ಗುಂಪಿಗೂ ನಮ್ಮದೇ ಹೆಸರುಗಳಿದ್ದವು. ಎರಂಗಲ್‌ನ ಬಯಲಿಗೆ ‘ಗದ್ದೆ’, ನೀರಿನ ಅಂಚಿಗೆ ‘ಧಕ್ಕೆ’. ಬೇರೆಯವರು ಕೇಳಿದರೆ ನಗ್ತಿದ್ದರು. ನಮಗೆ ಮಾತ್ರ ಅರ್ಥ ಆಗೋ ಭಾಷೆ ಇದೆ ಅನ್ನೋದೇ ಒಂದು ಖುಷಿ.

ಇದರ ಮೇಲೆ ಅದೃಷ್ಟದ ಪಾತ್ರ ಬೇರೆ. ಎಕ್ಸ್‌ಕಾಮ್‌ನಲ್ಲಿ ಗುಂಡು ಹಾರಿಸುವ ಮೊದಲೇ ‘ಶೇಕಡಾ 85’ ಅಂತ ಸಾಧ್ಯತೆ ತೋರಿಸುತ್ತೆ. ಧೈರ್ಯದಿಂದ ಹೊಡೀತೀವಿ, ತಪ್ಪುತ್ತೆ, ಆಟವನ್ನ ಬೈತೀವಿ. ಆದರೆ ಅಂಥ ನಾಲ್ಕು ಹೊಡೆತಗಳೂ ತಗಲುವ ಸಾಧ್ಯತೆ ಸುಮಾರು ಶೇಕಡಾ 52 ಮಾತ್ರ. ಒಳ್ಳೆಯ ಯೋಜನೆ ಅಂದರೆ ತಪ್ಪದ ಯೋಜನೆ ಅಲ್ಲ, ತಪ್ಪಿದಾಗ ಯಾರು ಎಲ್ಲಿ ನಿಂತು ಕಾಯಬೇಕು ಅಂತ ಮೊದಲೇ ಯೋಚಿಸಿದ ಯೋಜನೆ.

ಬಿದ್ದವನನ್ನು ಎಬ್ಬಿಸೋದು

ನಮ್ಮ ಕರಾವಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ನೋಡದೆ ಬೆಳೆದವರು ಕಮ್ಮಿ. ಏಳು ಜನ. ಎಡಗೈಯ ಕಾರ್ನರ್, ಬಲಗೈಯ ಕವರ್, ಕೈ ಕೈ ಹಿಡಿದ ಚೈನ್, ಪ್ರತಿಯೊಬ್ಬರಿಗೂ ಬೇರೆ ಕೆಲಸ. ರೈಡರ್‌ಗೆ ಇರೋದು 30 ಸೆಕೆಂಡ್. ಅವಸರಪಟ್ಟು ಒಬ್ಬನೇ ನುಗ್ಗಿದ ಡಿಫೆಂಡರ್ ಔಟಾಗಿ ಹೊರಗೆ ಕೂರಬೇಕು. ಆದರೆ ಅವನ ಕಥೆ ಅಲ್ಲಿಗೆ ಮುಗಿಯೋದಿಲ್ಲ. ಒಳಗಿದ್ದವರು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಇವನು ವಾಪಸ್ ಬರ್ತಾನೆ. ಒಳಗೆ ಮೂವರೋ ಅದಕ್ಕಿಂತ ಕಮ್ಮಿಯೋ ಉಳಿದಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚಿಗೆ. ಸೋಲುತ್ತಿರುವ ತಂಡದ ಆಸೆಯನ್ನ ನಿಯಮವೇ ಜೀವಂತ ಇಡುತ್ತೆ.

ಬಿಜಿಎಂಐನ ‘ರಿವೈವ್’ ಇದರದ್ದೇ ತಮ್ಮ. ಬಿದ್ದವನು ತೆವಳುತ್ತಾ ಇರ್ತಾನೆ, ಎಬ್ಬಿಸುವವನು ಅಷ್ಟೂ ಹೊತ್ತು ಗನ್ ಬಿಟ್ಟು ಪಕ್ಕದಲ್ಲಿ ಕೂರಬೇಕು. ಹೋದರೆ ಇಬ್ಬರೂ ಸಾಯಬಹುದು, ಹೋಗದಿದ್ದರೆ ಅವನಂತೂ ಸಾಯ್ತಾನೆ. ಇಡೀ ಆಟದಲ್ಲಿ ನಿಜವಾದ ನಿರ್ಧಾರ ಅಂತ ಇದ್ದರೆ ಇದೊಂದೇ. ನಿಮ್ಮ ತಪ್ಪಿಗೆ ಇನ್ನೊಬ್ಬ ಬೆಲೆ ಕೊಡ್ತಾನೆ. ಎಕ್ಸ್‌ಕಾಮ್‌ನಲ್ಲಂತೂ ಸತ್ತ ಸೈನಿಕ ಮತ್ತೆ ಬರೋದೇ ಇಲ್ಲ. ಅದಕ್ಕೇ ಸೈನಿಕರಿಗೆ ಗೆಳೆಯರ ಹೆಸರಿಟ್ಟು ಆಡುವವರು ಒಂದೊಂದು ಹೆಜ್ಜೆಗೂ ಬೆವರೋದು.

ನಾನು ಮಾಡಿದ ತಪ್ಪು ಲೆಕ್ಕ

2020ರ ಲಾಕ್‌ಡೌನ್. ನಮ್ಮನೆ ಹಿಂದಿನ ಗೇರುಮರದ ಬುಡದಲ್ಲಿ ಮಾತ್ರ ಸಿಗ್ನಲ್. ಅಲ್ಲೇ ನಾವು ನಾಲ್ವರ ಸ್ಕ್ವಾಡ್, ಆಡ್ತಿದ್ದದ್ದು ಪಬ್ಜಿ ಮೊಬೈಲ್. ನಾಲ್ಕನೆಯವನ ಫೋನ್ ಹಳೇದು, ಹತ್ತು ನಿಮಿಷಕ್ಕೆ ಕಾದ ಹೆಂಚು. ಅವನ ಕಿಲ್ ಲೆಕ್ಕ ಯಾವಾಗ ನೋಡಿದರೂ ಸೊನ್ನೆ. ‘ಅವನ್ನ ಬಿಟ್ಟು ಬೇರೆಯವನನ್ನ ಹಾಕ್ಕೊಳ್ಳೋಣ’ ಅಂದವನು ನಾನೇ. ಹಾಕ್ಕೊಂಡೆವು. ಬಂದವನು ಒಳ್ಳೆ ಶೂಟರ್. ಆ ವಾರ ನಾವು ಒಂದು ಮ್ಯಾಚನ್ನೂ ಗೆಲ್ಲಲಿಲ್ಲ.

ಯಾಕೆ ಅಂತ ಆಮೇಲೆ ಗೊತ್ತಾಯ್ತು. ಬ್ಯಾಂಡೇಜು, ಸ್ಮೋಕು ಹೊರುತ್ತಿದ್ದವನು ಅವನು. ಹೆಜ್ಜೆ ಸದ್ದು ಕೇಳಿ ‘ತಮಾ, ಎಡಕ್ಕೆ ಇಬ್ರು’ ಅನ್ನುತ್ತಿದ್ದವನು ಅವನು. ನಾನು ಏರ್‌ಡ್ರಾಪಿನ ಆಸೆಗೆ ಒಬ್ಬನೇ ಓಡಿ ಬಿದ್ದಾಗಲೆಲ್ಲ ಬೈಯ್ಯುತ್ತಾ ಬಂದು ಎಬ್ಬಿಸುತ್ತಿದ್ದವನೂ ಅವನೇ. ಸ್ಕೋರ್‌ಬೋರ್ಡಿನಲ್ಲಿ ಕಿಲ್ಲಿಗೆ ಕಾಲಂ ಇದೆ, ಕಿವಿಗೆ ಇಲ್ಲ. ನಾನು ಓದಿದ್ದು ಸ್ಕೋರ್‌ಬೋರ್ಡ್ ಮಾತ್ರ.

ವಾಪಸ್ ಕರೆದಾಗ ಅವನು ಏನೂ ಅನ್ನಲಿಲ್ಲ, ಬಂದ. ಆದರೆ ಸೆಪ್ಟೆಂಬರ್ 2ಕ್ಕೆ ಸರ್ಕಾರ ಪಬ್ಜಿ ನಿಷೇಧಿಸಿತು, ಅಕ್ಟೋಬರ್ 30ಕ್ಕೆ ಸರ್ವರೂ ನಿಂತಿತು. 2021ರ ಜುಲೈನಲ್ಲಿ ಬಿಜಿಎಂಐ ಆಗಿ ಆಟ ತಿರುಗಿ ಬಂದಾಗ ನಾವು ಮೂವರು ಕಾಲೇಜಿನ ದಾರಿಯಲ್ಲಿದ್ದೆವು, ಅವನು ಮೀನಿನ ಬೋಟಿನಲ್ಲಿ. ಸಮುದ್ರದ ಮೇಲೆ ಯಾವ ಗೇರುಮರ?

ಹಾಗಾಗಿ ಹಾಸ್ಟೆಲಿನ ತಂಡಗಳಿಗೆ ನನ್ನದೊಂದು ಸಣ್ಣ ಸಲಹೆ. ಫೆಸ್ಟಿಗೆ ಸ್ಕ್ವಾಡ್ ಕಟ್ಟುವಾಗ ನಾಲ್ಕು ಬೆಸ್ಟ್ ಶೂಟರ್‌ಗಳನ್ನ ಹುಡುಕಬೇಡಿ. ಒಬ್ಬ ನುಗ್ಗುವವನು, ಒಬ್ಬ ದೂರದಿಂದ ನೋಡುವವನು, ಒಬ್ಬ ತೀರ್ಮಾನ ಹೇಳುವವನು ಮತ್ತು ಬಿದ್ದವರ ಹತ್ತಿರ ಓಡಿ ಬರುವ ಒಬ್ಬ. ಕೊನೆಯವನು ಸಿಗೋದೇ ಕಷ್ಟ, ಸಿಕ್ಕರೆ ಬಿಡಬೇಡಿ. ಇಂಟರ್ನಲ್ಸ್ ಹಿಂದಿನ ರಾತ್ರಿ ಮಾತ್ರ ಎಲ್ಲರೂ ಬೇಗ ಮಲಗಿ. ಅಲ್ಲಿ ರಿವೈವ್ ಇಲ್ಲ.

ಹೋದ ಮಳೆಗಾಲದಲ್ಲಿ ಬೋಟುಗಳಿಗೆ ರಜೆ ಇದ್ದಾಗ ಅವನು ನಮ್ಮನೆಗೆ ಬಂದಿದ್ದ. ಕರೆಂಟ್ ಇರಲಿಲ್ಲ, ಜಗಲಿ ಮೇಲೆ ಗೆರೆ ಎಳೆದು ಕೂತೆವು. ನಾನು ಹುಲಿ ತಗೊಂಡೆ, ಅವನು ಕುರಿ. ಅರ್ಧ ಗಂಟೆಯಲ್ಲಿ ನನ್ನ ಹುಲಿಗಳೆಲ್ಲ ಮೂಲೆ ಸೇರಿದ್ದವು.

‘ಇನ್ನು ಎಲ್ಲೂ ಹೋಗುಕಾಗುದಿಲ್ಲ ತಮಾ’ ಅಂದ, ಚಾ ಲೋಟ ಎತ್ತಿಕೊಳ್ಳುತ್ತಾ.