ಚಹಾದೂರಾಗ ಒಂದು ಬಸಿ ಕಾಫಿ

"ಕಾಫಿ ಐತೇನ್ರೀ?"

ಗಜೇಂದ್ರಗಡದ ಕಾಲಕಾಲೇಶ್ವರ ವೃತ್ತದ ಮಗ್ಗುಲಿನ ಚಹಾದಂಗಡಿಯಲ್ಲಿ ಬೆಳಿಗ್ಗೆ ಏಳಕ್ಕೆ ಹೀಗೆ ಕೇಳಿದೆ. ಬೆಂಚಿನ ಮೇಲಿದ್ದ ನಾಲ್ವರೂ ತಿರುಗಿ ನೋಡಿದರು. ಒಲೆಯ ಮುಂದಿದ್ದವರು ಮಾತ್ರ ಕದಲದೆ "ಐತ್ರಿ, ಕುಂದರ್ರಿ" ಎಂದರು. ಗೋಡೆಗೆ ತೋರಣದಂತೆ ಇಳಿಬಿಟ್ಟಿದ್ದ ಎರಡು ರೂಪಾಯಿಯ ಪಾಕೀಟುಗಳ ಸರದಲ್ಲಿ ಒಂದನ್ನು ಪರ್ರನೆ ಹರಿದರು, ಪುಡಿಯನ್ನು ಗ್ಲಾಸಿಗೆ ಕೊಡವಿದರು, ಚಹಾಕ್ಕೆಂದು ಸಕ್ಕರೆ ಹಾಕಿ ಕುದಿಸಿಟ್ಟಿದ್ದ ಹಾಲನ್ನು ಮೊಳದೆತ್ತರದಿಂದ ಹೊಯ್ದರು. ಅರ್ಧ ನಿಮಿಷದ ಕೆಲಸ. ಕುಡಿದೆ. ಸಿಹಿ, ಬಿಸಿ, ನೊರೆ ಎಲ್ಲವೂ ಇತ್ತು. ಕಾಫಿ ಇತ್ತೇ ಎಂದು ಕೇಳಿದರೆ ಉತ್ತರ ಕಷ್ಟ.

ಅವರದ್ದೇನೂ ತಪ್ಪಿಲ್ಲ. ಇದು ಚಹಾದ ಸೀಮೆ. ರೋಣ, ನರಗುಂದ, ಗಜೇಂದ್ರಗಡದ ಕಡೆ ಮನೆಗೆ ಬಂದವರನ್ನು "ಚಾ ಕುಡೀರಿ" ಎಂದೇ ಕೂರಿಸುತ್ತಾರೆ. ಕಾಫಿ ಏನಿದ್ದರೂ ಮೈಸೂರು ಕಡೆಯವರ ಚಟ. 1787ರಲ್ಲಿ ಟಿಪ್ಪುವೂ ಮರಾಠರೂ ಗಜೇಂದ್ರಗಡದ ಹೆಸರಿನ ಒಪ್ಪಂದ ಮಾಡಿಕೊಂಡು ಕತ್ತಿ ಕೆಳಗಿಟ್ಟರು. ಚಹಾಕ್ಕೂ ಕಾಫಿಗೂ ಮಾತ್ರ ಇನ್ನೂ ಅಂಥದ್ದೊಂದು ಆಗಿಲ್ಲ.

ನಾನು ಹುಟ್ಟಿದ್ದು ಚಹಾದ ಮನೆಯಲ್ಲಿ, ಕೆಟ್ಟದ್ದು ಬೆಂಗಳೂರಿನಲ್ಲಿ. ಇಪ್ಪತ್ತು ವರ್ಷ ಫಿಲ್ಟರ್ ಕಾಫಿ ಕುಡಿದ ಮೇಲೆ ಹುಳಿತೇಗು, ಎದೆಯುರಿ ಶುರುವಾದವು. ತಪಾಸಣೆ ಮಾಡಿದ ವೈದ್ಯರು ಕಾಫಿ ಬಿಡಿ ಎಂದರು. ನಾನು ಬಿಡುವುದು ಬಿಟ್ಟು, ಹೊಟ್ಟೆಗೆ ಸೇರುವ ಕಾಫಿ ಯಾವುದು ಎಂದು ಹುಡುಕತೊಡಗಿದೆ. ಪರದೇಶದ ಅಂಗಡಿಗಳಲ್ಲಿ 'ಹುಳಿ ಕಡಿಮೆ' ಎಂಬ ಚೀಟಿ ಅಂಟಿಸಿದ ಕಾಫಿಗೆ ಕೇಳಬಾರದ ಬೆಲೆ. ಅಷ್ಟೆಲ್ಲ ಕೊಡದೆ, ಗುಡ್ಡದ ಬುಡದ ಈ ಪೇಟೆಯಲ್ಲಿ ಸಿಗುವ ಸಾಮಾನಿನಲ್ಲೇ ಅದನ್ನು ಮಾಡಿಕೊಳ್ಳಬಹುದೇ ಎಂದು ನೋಡಬೇಕಿತ್ತು. ಅಕ್ಕನ ಮನೆ ಇಲ್ಲೇ ಇದೆ, ಮೂರು ದಿನ ರಜೆಯೂ ಇತ್ತು.

ಪೇಟೆಯ ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಪೆಂಟೆ, ಶೇಂಗಾ ಚೀಲ ದಾಟಿ ಒಳಗೆ ಹೋದೆ.

"ಹುಳಿ ಕಮ್ಮಿ ಇರೂ ಕಾಫಿ ಪುಡಿ ಐತೇನ್ರಿ?"

ಅಂಗಡಿಯ ಯಜಮಾನರು ಕನ್ನಡಕ ಹಣೆಗೇರಿಸಿದರು. "ಕಾಫಿ ಹುಳಿ ಇರ್ತೈತೇನ್ರಿ ಸರ? ಹುಣಸೀಹಣ್ಣೇನು ಅದು?"

ಇರುತ್ತದೆ, ಆದರೆ ಅವರು ನಕ್ಕದ್ದರಲ್ಲೂ ಅರ್ಥವಿದೆ. ಹುಳಿಯನ್ನು ಅಳೆಯುವ ಪಿಎಚ್ ಲೆಕ್ಕದಲ್ಲಿ ನೀರು 7. ಕೆಳಗಿಳಿದಷ್ಟೂ ಹುಳಿ ಹೆಚ್ಚು, ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು. ಕಪ್ಪು ಕಾಫಿ ಸುಮಾರು 5. ರೊಟ್ಟಿಯ ಜೊತೆ ನಾವು ಬಟ್ಟಲುಗಟ್ಟಲೆ ಉಣ್ಣುವ ಮೊಸರು ಸುಮಾರು 4.5, ಅಂದರೆ ಕಾಫಿಗಿಂತ ಹುಳಿ. ಹೊಟ್ಟೆಯೊಳಗಿನ ಆಮ್ಲವಂತೂ 2ರ ಆಸುಪಾಸು, ಕಾಫಿಯ ಹುಳಿಯ ಸಾವಿರ ಪಟ್ಟು. ಅಂಥ ಕಡಾಯಿಗೆ ಒಂದು ಲೋಟ ಕಾಫಿ ಸುರಿದರೆ ಅದರ ಹುಳಿಯಿಂದ ಏನೂ ಆಗದು. ತಂಟೆ ಇರುವುದು ಬೇರೆ ಕಡೆ. ಕಾಫಿಯ ಕೆಫೀನೂ ಇನ್ನು ಕೆಲವು ಅಂಶಗಳೂ ಹೊಟ್ಟೆಗೆ 'ಇನ್ನಷ್ಟು ಆಮ್ಲ ಸುರಿಸು' ಎಂದು ಹೇಳುತ್ತವೆ, ಅನ್ನನಾಳದ ತುದಿಯ ಬಿಗಿಯನ್ನು ಕೆಲವರಲ್ಲಿ ಸಡಿಲಿಸುತ್ತವೆ. ನಾಲಿಗೆಗೆ ತಾಗುವ ಹುಳಿ ಬೇರೆ, ಎದೆಯಲ್ಲಿ ಉರಿಯುವ ಹುಳಿ ಬೇರೆ. ಪುಡಿ ಆರಿಸುವಾಗ ಎರಡನ್ನೂ ನೋಡಬೇಕು.

ಯಜಮಾನರು ಏಣಿ ಹತ್ತಿ, ಊದಿನಕಡ್ಡಿ ಡಬ್ಬಗಳ ಹಿಂದಿನಿಂದ ಎರಡು ಪೊಟ್ಟಣ ತೆಗೆದರು. "ಮೈಸೂರ ಕಡೆ ಬ್ಯಾಂಕ್ ಸಾಹೇಬ್ರು ಒಬ್ರು ಇದ್ರು ನೋಡ್ರಿ. ಅವರ ಸಲುವಾಗಿ ತರಸ್ತಿದ್ದೆ. ವರ್ಗ ಆಗಿ ಹ್ವಾದ್ರು. ಇವು ಉಳದಾವು." ಈ ಸೀಮೆಯಲ್ಲಿ ಫಿಲ್ಟರ್ ಕಾಫಿ ಪುಡಿ ಹೀಗೇ ಬರುತ್ತದೆ, ವರ್ಗಾವಣೆ ಆದೇಶದ ಬೆನ್ನಿಗೆ. ಒಂದು ಪೊಟ್ಟಣ ಹಿಚುಕಿದರೆ ಒಳಗೆ ಗಟ್ಟಿ. ಚಿಕೋರಿ ತೇವ ಎಳೆದುಕೊಂಡು ಹೆಂಟೆಯಾಗಿತ್ತು. ಅದನ್ನು ಅಲ್ಲೇ ಇಟ್ಟೆ. ಇನ್ನೊಂದು ಮೆತ್ತಗಿತ್ತು, ತಾರೀಖೂ ಹತ್ತಿರದ್ದು. 200 ಗ್ರಾಂಗೆ 120 ರೂಪಾಯಿ. ಕಪ್ಪಿಗೆ 8 ಗ್ರಾಂ ಹಿಡಿದರೆ 25 ಕಪ್ಪು, ಪುಡಿಯ ಖರ್ಚು ಕಪ್ಪಿಗೆ ಐದು ರೂಪಾಯಿಯ ಒಳಗೇ.

ಪೊಟ್ಟಣದ ಬೆನ್ನಿನ ಸಣ್ಣ ಅಕ್ಷರ ಓದಿದೆ: ಕಾಫಿ 53, ಚಿಕೋರಿ 47. ಚಿಕೋರಿ ಶೇ. 49 ದಾಟುವಂತಿಲ್ಲ ಎಂದು ಕಾನೂನಿದೆ, ಇದು ಗಡಿಯ ಹತ್ತಿರವೇ ನಿಂತಿತ್ತು. ಬೆಂಗಳೂರಿನ ಕಾಫಿ ಪಂಡಿತರು ಇಂಥ ಪುಡಿಗೆ ಮೂಗು ಮುರಿಯುತ್ತಾರೆ, ಬೇರಿನ ಪುಡಿ ಬೆರೆಸಿದ್ದು ಕಾಫಿಯೇ ಅಲ್ಲ ಎನ್ನುತ್ತಾರೆ. ನನ್ನಂಥ ಹೊಟ್ಟೆಯವರಿಗೆ ಅದೇ ವರ. ಚಿಕೋರಿ ಒಂದು ಗಿಡದ ಹುರಿದ ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಅರ್ಧ ಚಿಕೋರಿ ಎಂದರೆ ಅರ್ಧ ಕೆಫೀನ್. ಅಗ್ಗದ ಪುಡಿಗಳಲ್ಲಿ ಉಳಿದರ್ಧ ಹೆಚ್ಚಾಗಿ ರೊಬಸ್ಟಾ ಜಾತಿಯ ಬೀಜ. ಅರೇಬಿಕಾದ ಹಣ್ಣುಹುಳಿ ಇದಕ್ಕಿಲ್ಲ, ಕಹಿ ಜಾಸ್ತಿ. ಆದರೆ ಕೆಫೀನ್ ಅರೇಬಿಕಾದ ಹತ್ತಿರಹತ್ತಿರ ಎರಡು ಪಟ್ಟು, ಅದನ್ನು ಮರೆಯುವ ಹಾಗಿಲ್ಲ. ಚಿಕೋರಿ ಆ ಏರಿಕೆಯನ್ನು ಸರಿದೂಗಿಸುತ್ತದೆ. ಇನ್ನು ಹುರಿದ ಬಣ್ಣ. ಪುಡಿ ಕಡುಗಂದು ಇದ್ದಷ್ಟೂ ಬೀಜದ ಕ್ಲೋರೋಜೆನಿಕ್ ಆಮ್ಲ ಒಡೆದು ಹೋಗಿರುತ್ತದೆ. ಕಡು ಹುರಿತದಲ್ಲಿ ಹುಟ್ಟುವ ಎನ್-ಮಿಥೈಲ್‌ಪಿರಿಡಿನಿಯಂ ಎಂಬ ವಸ್ತು ಹೊಟ್ಟೆಯ ಆಮ್ಲ ಸುರಿತವನ್ನು ತಗ್ಗಿಸಬಹುದು ಎಂದು ಜರ್ಮನಿ, ಆಸ್ಟ್ರಿಯಾದ ಸಂಶೋಧಕರು ಹೇಳಿದ್ದಾರೆ. ಅಲ್ಲಿಗೆ ರೊಬಸ್ಟಾ, ಕಡು ಹುರಿತ, ಚಿಕೋರಿ, ಮೇಲೆ ಹಾಲು. ಪರದೇಶದಲ್ಲಿ ಚೀಟಿ ಅಂಟಿಸಿ ಮಾರುವುದನ್ನು ನಮ್ಮ ಬಡವರ ಕಾಫಿ ಯಾವ ಚೀಟಿಯೂ ಇಲ್ಲದೆ ಎಷ್ಟೋ ಕಾಲದಿಂದ ಮಾಡಿಕೊಂಡೇ ಬಂದಿದೆ.

ಹುಳಿ ಇಲ್ಲದ ಕಾಫಿ ಎಂದೇ ಹೆಸರಾದದ್ದು ನಮ್ಮ ನಾಡಿನಲ್ಲೇ ಒಂದಿದೆ, ಮಾನ್ಸೂನ್ಡ್ ಮಲಬಾರ್. ಹಾಯಿಹಡಗಿನ ಕಾಲದಲ್ಲಿ ಮಲಬಾರ್ ಕರಾವಳಿಯಿಂದ ಯುರೋಪಿಗೆ ಬೀಜ ತಲುಪಲು ತಿಂಗಳುಗಟ್ಟಲೆ ಬೇಕಿತ್ತು. ದಾರಿಯುದ್ದಕ್ಕೂ ಕಡಲ ತೇವ ಕುಡಿದು ಬೀಜ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಚಿಕ್ಕದಾಯಿತು. ಬೀಜ ಹಸಿರಾಗಿಯೇ ಬಂತು, ಕುಡಿಯುವವರು ಗೊಣಗಿದರು. ಆ ಹಳೆಯ ರುಚಿಗಾಗಿ ಮಂಗಳೂರಿನಂಥ ಕಡಲೂರುಗಳ ಗೋದಾಮಿನಲ್ಲಿ ಮಳೆಗಾಲವಿಡೀ ಬೀಜ ಹರಡಿ, ಕೆದಕಿ, ಗಾಳಿಗೆ ಒಡ್ಡಿ, ಬೇಕೆಂದೇ ತೇವ ಕುಡಿಸುತ್ತಾರೆ. 2008ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಅದರ ಹೆಚ್ಚು ಪಾಲು ಹಡಗು ಹತ್ತುತ್ತದೆ. ಗಜೇಂದ್ರಗಡದ ಏಣಿಯ ಮೇಲಿನ ಅಟ್ಟಕ್ಕೆ ಬರುವುದಿಲ್ಲ.

ಪುಡಿ ಸಿಕ್ಕಿತು, ಫಿಲ್ಟರ್ ಸಿಗಲಿಲ್ಲ. ಎರಡು ಬಾಂಡೆ ಅಂಗಡಿ ತಿರುಗಿದೆ. ಒಂದರಲ್ಲಿ ನೀರಿನ ಫಿಲ್ಟರ್ ತೋರಿಸಿದರು, ಇನ್ನೊಂದರಲ್ಲಿ ಇಡ್ಲಿ ಪಾತ್ರೆ. "ಗದಗಿನ್ಯಾಗ ಸಿಗಬಹುದ್ರಿ" ಎಂದರು. ಬರಿಗೈಲಿ ಅಕ್ಕನ ಮನೆಗೆ ಬಂದೆ.

ಅಕ್ಕ ನನ್ನ ಸಂಕಟ ಕೇಳಿ ಟ್ರಂಕು ತೆಗೆದಳು. ಓಣಿಯಲ್ಲಿ ಈಗಲೂ ಮಗ್ಗದ ಸದ್ದು ಕೇಳುವ ಊರು ಇದು. ಪಟ್ಟೇದ ಅಂಚಿನ ಸೀರೆಗೆ ಹೆಸರಾದದ್ದು. ಅವಳು ತೆಗೆದದ್ದು ಹಳೆಯ ನೂಲಿನ ಸೀರೆಯೊಂದರ ತುಂಡು. ತೊಳೆದೂ ತೊಳೆದೂ ಬಣ್ಣವೆಲ್ಲ ಬಿಟ್ಟು, ಬೆರಳಿಗೆ ಬೆಣ್ಣೆಯಂತಾಗಿತ್ತು. "ಅರವ್ಯಾಗ ಸೋಸು. ನಮ್ಮ ಅತ್ತಿ ಕಷಾಯ ಹಿಂಗ ಸೋಸ್ತಿದ್ರು." ತುಂಡನ್ನು ಬರೀ ನೀರಿನಲ್ಲಿ ಎರಡು ಸಲ ಕುದಿಸಿದೆವು. ಇಲ್ಲವಾದರೆ ಸಬಕಾರದ ವಾಸನೆ ಕಾಫಿಗೆ ಇಳಿಯುತ್ತದೆ.

ಈಗ ನೀರಿನ ಮಾತು. ಇದನ್ನು ಯಾರೂ ಹೇಳುವುದಿಲ್ಲ. ಮನೆಯಲ್ಲಿ ಎರಡು ನೀರಿತ್ತು. ಒಂದು ಬಳಕೆಯ ಬೋರಿನ ಗಡಸು ನೀರು, ಇನ್ನೊಂದು ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನಿನಲ್ಲಿ ತಂದದ್ದು. ಗಡಸು ನೀರಿನ ಬೈಕಾರ್ಬನೇಟು ಕಾಫಿಯ ಹುಳಿಯನ್ನು ತಾನೇ ನುಂಗುತ್ತದೆ. ಆ ಲೆಕ್ಕದಲ್ಲಿ ಬೋರಿನ ನೀರೇ ಒಳ್ಳೆಯದು. ಆದರೆ ಗದಗ ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಹಲ್ಲಿಗೂ ಎಲುಬಿಗೂ ಕೇಡು. ಎದೆಯುರಿ ತಪ್ಪಿಸಿಕೊಳ್ಳಲು ಹೋಗಿ ಎಲುಬು ಕಳೆದುಕೊಳ್ಳುವುದು ಜಾಣತನವಲ್ಲ. ಕ್ಯಾನಿನ ನೀರನ್ನೇ ಹಿಡಿದೆ. ಅದರಲ್ಲಿ ಬೈಕಾರ್ಬನೇಟೂ ಸೋಸಿ ಹೋಗಿರುವುದರಿಂದ ಕಾಫಿಯ ಹುಳಿ ಎದ್ದು ಕಾಣುತ್ತದೆ. ಅದಕ್ಕೆ ಮದ್ದು ಅಕ್ಕನ ಮಸಾಲೆ ಡಬ್ಬಿಯ ಪಕ್ಕದಲ್ಲೇ ಇತ್ತು, ಮಿರ್ಚಿಯ ಹಿಟ್ಟಿಗೆ ಹಾಕುವ ಅಡಿಗೆ ಸೋಡಾ.

ಮೂರು ದುಂಡು ಚಮಚ ಪುಡಿ, ಅಂದರೆ ಹೆಚ್ಚುಕಡಿಮೆ 25 ಗ್ರಾಂ, ಬೋಗುಣಿಗೆ ಹಾಕಿದೆ. 150 ಮಿ.ಲೀ. ನೀರು ಕುದಿಸಿ, ಒಲೆ ಆರಿಸಿ, ಗುಳ್ಳೆ ಅಡಗುವ ತನಕ ಕಾದೆ. ತಳಮಳ ಕುದಿಯುವ ನೀರು ಪುಡಿಯಿಂದ ಬೇಡದ ಕಹಿಯನ್ನೆಲ್ಲ ಎಳೆದು ತರುತ್ತದೆ. ಸುರಿದು, ಮುಚ್ಚಿ, ಐದು ನಿಮಿಷ ಬಿಟ್ಟೆ. ಆಮೇಲೆ ತಂಬಿಗೆಯ ಬಾಯಿಗೆ ಅರಿವೆ ಕಟ್ಟಿ, ನಡುವೆ ಬೆರಳಿನಿಂದ ಗುಳಿ ಮಾಡಿ ಹೊಯ್ದೆ. ಮೊದಲು ಸರಸರ ಇಳಿಯಿತು, ಪುಡಿ ಕೂತ ಮೇಲೆ ಹನಿಹನಿ. ಅರಿವೆಯ ಅಂಚಿನ ನೂಲು ಒಂದೊಂದಾಗಿ ಕಂದು ಬಣ್ಣ ಏರಿಸಿಕೊಳ್ಳುತ್ತ ಹೋಯಿತು. ಹಿಂಡಬಾರದು. ಹಿಂಡಿದರೆ ಗಸಿ ಇಳಿಯುತ್ತದೆ. ಕೊನೆಗೆ ಸೋಡಾ, ಎರಡು ಬೆರಳಿನ ತುದಿಗೆ ಅಂಟಿದಷ್ಟು ಮಾತ್ರ. ಸುಯ್ಯೆಂದು ಸಣ್ಣ ನೊರೆ ಎದ್ದು ಅಡಗಿತು. ಸ್ವಲ್ಪ ಹೆಚ್ಚಾದರೂ ಸಬಕಾರ ಕುಡಿದಂತಾಗುತ್ತದೆ. ಮೊದಲ ಸಲ ನನಗೆ ಆದದ್ದೂ ಅದೇ, ತಂಬಿಗೆಯ ಡಿಕಾಕ್ಷನ್ ತುಳಸಿ ಕಟ್ಟೆಯ ಪಕ್ಕದ ಮಣ್ಣು ಸೇರಿತು. ಬಿಪಿ ಇದ್ದವರು ಸೋಡಾದ ತಂಟೆಗೇ ಹೋಗದಿರುವುದು ಮೇಲು.

ಇದು ಮೂರು ಕಪ್ಪಿನ ಡಿಕಾಕ್ಷನ್. ಕಪ್ಪಿಗೆ ಕಾಲು ಪಾಲು ಡಿಕಾಕ್ಷನ್, ಮುಕ್ಕಾಲು ಹಾಲು. ಉಳಿದದ್ದನ್ನು ಮತ್ತೆ ಒಲೆಗಿಡಬೇಡಿ. ಬಿಸಿಯಲ್ಲಿ ಬಹಳ ಹೊತ್ತು ಇದ್ದ ಕಾಫಿಯಲ್ಲಿ ಕ್ವಿನಿಕ್ ಆಮ್ಲ ಹೆಚ್ಚಿ ಹುಳಿಯಾಗುತ್ತದೆ. ತಣ್ಣನೆಯ ಡಿಕಾಕ್ಷನ್‌ಗೆ ಬಿಸಿ ಹಾಲು ಹಾಕಿದರೆ ಆಯಿತು.

ರಾತ್ರಿ ಇನ್ನೊಂದು ಪ್ರಯೋಗ. 50 ಗ್ರಾಂ ಪುಡಿಗೆ 400 ಮಿ.ಲೀ. ತಣ್ಣೀರು ಹಾಕಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ, ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟೆ. ಹನ್ನೆರಡು ತಾಸು. ಬಿಸಿ ನೀರಿನ ಕಾಫಿಗೂ ತಣ್ಣೀರಿನ ಕಾಫಿಗೂ ಪಿಎಚ್ ಹೆಚ್ಚು ಕಡಿಮೆ ಒಂದೇ ಎಂದು 2018ರಲ್ಲಿ ಫಿಲಡೆಲ್ಫಿಯಾದ ಸಂಶೋಧಕರಿಬ್ಬರು ಅಳೆದು ತೋರಿಸಿದರು. ಆದರೆ ಒಟ್ಟು ಆಮ್ಲದ ಪ್ರಮಾಣ ಬಿಸಿಯದರಲ್ಲೇ ಹೆಚ್ಚಿತ್ತು. ಹಾಗಾಗಿ ತಣ್ಣೀರಿನದು ಪವಾಡವೇನಲ್ಲ, ತುಸು ಮೆತ್ತಗೆ ಅಷ್ಟೆ. ಗ್ಯಾಸು ಉಳಿಯುತ್ತದೆ ಎಂಬುದು ಅಕ್ಕನಿಗೆ ಹಿಡಿಸಿದ ಅಂಶ.

ಬೆಳಿಗ್ಗೆ ಅದನ್ನು ಸೋಸಿ ಬಾಟಲಿಗೆ ತುಂಬಿಕೊಂಡು ಕಾಲಕಾಲೇಶ್ವರನ ಗುಡ್ಡಕ್ಕೆ ಹೋದೆ. ಮೆಟ್ಟಿಲು ಹತ್ತಿ, ಗಿಡದ ಬೇರಿನ ನಡುವಿನಿಂದ ವರ್ಷವಿಡೀ ಹರಿಯುವ ಅಂತರಗಂಗೆಯ ನೀರು ಕೇಳುತ್ತ ಕೂತು ಎರಡು ಗುಟುಕು ಕುಡಿದೆ. ಹುಳಿ ಇಲ್ಲ, ಕಹಿಯೂ ಹದ, ಚಿಕೋರಿಯದೊಂದು ಬೆಲ್ಲದ ನೆರಳು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಅವಸರವಿಲ್ಲದೆ ತಿರುಗುತ್ತಿದ್ದವು. ಇಡ್ಲಿ ತಿಂದು ಹೊರಟಿದ್ದೆ, ಖಾಲಿ ಹೊಟ್ಟೆಗೆ ಈಗ ಯಾವ ಕಾಫಿಯನ್ನೂ ಇಳಿಸುವುದಿಲ್ಲ. ಹನ್ನೊಂದಾದರೂ ಎದೆಯಲ್ಲಿ ಏನೂ ಇಲ್ಲ.

ಸಂಜೆ ಉರಿಯಿತು. ಆದರೆ ಆಗ ವೃತ್ತದಲ್ಲಿ ನಿಂತು ಗಿರಮಿಟ್ಟಿನ ಜೊತೆ ಮೂರು ಮಿರ್ಚಿ ತಿಂದಿದ್ದೆ. ಅದನ್ನು ಕಾಫಿಯ ಲೆಕ್ಕಕ್ಕೆ ಬರೆಯಲಾರೆ.

ಅಕ್ಕನ ಮನೆಯ ಮಾಮಾನಿಗೂ ಒಂದು ಕಪ್ಪು ಕೊಟ್ಟಿದ್ದೆ. ಬಸಿಗೆ ಸುರಿದು, ಊದಿ, ಕುಡಿದು, "ಕಷಾಯ ಛಲೋ ಆಗೇತಿ" ಎಂದು ಹೇಳಿ ಒಳಗೆ ನೋಡಿದರು. "ಈಗ ಚಾ ಇಡಲ್ಲ?" ಅಕ್ಕ ಆಗಲೇ ಇಟ್ಟಿದ್ದಳು.

ಬಸ್ಸಿಗೆ ಹೊರಟಾಗ ಹಿತ್ತಲ ತಂತಿಯ ಮೇಲೆ ಆ ಸೀರೆಯ ತುಂಡು ಒಣಗುತ್ತಿತ್ತು. ನಡುವೆ ತಟ್ಟೆಯಗಲದ ಕಂದು ಕಲೆ, ಎಷ್ಟು ತೊಳೆದರೂ ಹೋಗಿರಲಿಲ್ಲ. "ನಿನ್ನ ಕಾಫಿ ಅರವಿ ಇಲ್ಲೇ ಇರ್ಲಿ ತಮ್ಮಾ," ಎಂದಳು ಅಕ್ಕ, "ಮುಂದಿನ ಸಲ ಬರೂಮುಂದ ಪುಡಿ ಅಷ್ಟ ತೊಗೊಂಡು ಬಾ."